ಕಾರಿನ ಪೀಳಿಗೆ, ಹೊಲದ ಪೀಳಿಗೆ



ಒಂದು ಲೆಕ್ಕದಿಂದ ಶುರು ಮಾಡೋಣ. 1983ರ ಡಿಸೆಂಬರ್ 14ರಂದು ಪ್ರಧಾನಿ ಇಂದಿರಾ ಗಾಂಧಿಯವರು ಮೊದಲ ಮಾರುತಿ 800 ಕಾರಿನ ಕೀಲಿಕೈಯನ್ನು ಗಿರಾಕಿಯ ಕೈಗಿಟ್ಟರು. ಆ ಕಾರಿನ ಬೆಲೆ ಸುಮಾರು 48,000 ರೂಪಾಯಿ. ಅದೇ 1983-84ರಲ್ಲಿ ಜೋಳಕ್ಕೆ ಸರ್ಕಾರ ಕಟ್ಟಿದ ಬೆಂಬಲ ಬೆಲೆ ಕ್ವಿಂಟಲಿಗೆ 124 ರೂಪಾಯಿ. ಅಂದರೆ ಒಂದು ಕಾರಿಗೆ 387 ಕ್ವಿಂಟಲ್ ಜೋಳ. 2012ರ ಅಕ್ಟೋಬರಿನಲ್ಲಿ ಆಲ್ಟೊ 800 ಬಂತು, ಶುರುವಿನ ಬೆಲೆ 2 ಲಕ್ಷ 44 ಸಾವಿರ. ಆ ವರ್ಷ ಜೋಳದ ಬೆಂಬಲ ಬೆಲೆ 1,500. ಒಂದು ಕಾರಿಗೆ 163 ಕ್ವಿಂಟಲ್. 2025ರ ಸೆಪ್ಟೆಂಬರಿನಲ್ಲಿ ಜಿಎಸ್‌ಟಿ ಇಳಿದ ಮೇಲೆ ಆಲ್ಟೊ ಕೆ10 ಕಾರಿನ ಶೋರೂಮ್ ಬೆಲೆ 3,69,900 ರೂಪಾಯಿಗೆ ಬಂದು ನಿಂತಿತು. 2025-26ರ ಹೈಬ್ರಿಡ್ ಜೋಳದ ಬೆಂಬಲ ಬೆಲೆ 3,699. ಭಾಗಿಸಿ ನೋಡಿ. ಸರಿಯಾಗಿ ನೂರು ಕ್ವಿಂಟಲ್, ಒಂದು ಸೇರು ಹೆಚ್ಚಿಲ್ಲ, ಕಮ್ಮಿ ಇಲ್ಲ.

ಶೇಂಗಾದ ಲೆಕ್ಕ ಹಾಕಿದರೂ ಹಾಗೇ. 1983ರಲ್ಲಿ 315 ರೂಪಾಯಿಯ ಶೇಂಗಾ 152 ಕ್ವಿಂಟಲ್ ಬೇಕಿತ್ತು. 2025ರಲ್ಲಿ 7,263 ರೂಪಾಯಿಯ ಶೇಂಗಾ 51 ಕ್ವಿಂಟಲ್ ಸಾಕು.

ಈ ಲೆಕ್ಕ ನಮ್ಮ ವಾದಕ್ಕೆ ಎದುರಾಗಿ ನಿಂತಂತೆ ಕಾಣುತ್ತದೆ. ಕಾರಿನ ಬೆಲೆ ಏಳೆಂಟು ಪಟ್ಟು ಏರಿದೆ, ಜೋಳದ ಬೆಲೆ ಮೂವತ್ತು ಪಟ್ಟು ಏರಿದೆ. ಹಾಗಾದರೆ ರೈತ ಅಳೋದು ಯಾಕೆ ಅಂತ ಪೇಟೆಯವರು ಕೇಳಿದರೆ ತಪ್ಪಿಲ್ಲ. ನಮ್ಮ ಪತ್ರಿಕೆಯಲ್ಲಿ ಇಂಥ ಲೆಕ್ಕವನ್ನು ಮುಚ್ಚಿಟ್ಟು, ಟ್ರ್ಯಾಕ್ಟರಿನ ಲೆಕ್ಕ ಮಾತ್ರ ಮುಂದಿಟ್ಟು ಮಾತಾಡುವುದು ಸುಲಭ. ಆದರೆ ಎದುರಾಳಿಯ ಕೈಯಲ್ಲಿರುವ ಲೆಕ್ಕವನ್ನು ನಾವೇ ಮೊದಲು ಬಿಚ್ಚಿ ನೋಡುವುದು ಒಳ್ಳೆಯದು. ಕಾರು ಹೇಗೆ ಅಗ್ಗವಾಯಿತು? ಅದೇ ನಲವತ್ತು ವರ್ಷದಲ್ಲಿ ನಮ್ಮ ಮನೆಯಲ್ಲಿ ಏನಾಯಿತು? ಈ ಎರಡು ಪ್ರಶ್ನೆಯನ್ನು ಅಕ್ಕಪಕ್ಕ ಇಟ್ಟರೆ ವಿಷಯ ತಿಳಿಯುತ್ತದೆ.

ಈ ಕಾರಿನ ಮೂಲ ಜಪಾನಿನದು. 1979ರ ಮೇ ತಿಂಗಳಲ್ಲಿ ಸುಜುಕಿ ಕಂಪನಿಯವರು ಆಲ್ಟೊ ಎಂಬ ಪುಟ್ಟ ಕಾರು ತಂದರು. ಬೆಲೆ 4,70,000 ಯೆನ್, ಇಡೀ ಜಪಾನಿಗೆ ಒಂದೇ ಬೆಲೆ. ಅಷ್ಟು ಕಡಿಮೆಗೆ ಕೊಡಲು ಆದದ್ದು ಹೇಗೆ? ಬೇಡದ್ದನ್ನೆಲ್ಲ ತೆಗೆದರು, ಅದು ಒಂದು. ಇನ್ನೊಂದು, ಅದನ್ನು ಸರಕು ಸಾಗಿಸುವ ಗಾಡಿ ಎಂದು ದಾಖಲೆಯಲ್ಲಿ ಬರೆಸಿದರು. ಆಗ ಅಲ್ಲಿ ಸವಾರಿ ಕಾರಿಗೆ ಇದ್ದ ತೆರಿಗೆ ಸರಕಿನ ಗಾಡಿಗೆ ಇರಲಿಲ್ಲ. ನೋಡಿ, ಮೊದಲನೆಯ ಪೀಳಿಗೆಯಲ್ಲೇ ಅಗ್ಗದ ಗುಟ್ಟು ಅರ್ಧ ಕಾರ್ಖಾನೆಯಲ್ಲಿತ್ತು, ಅರ್ಧ ತೆರಿಗೆ ಪುಸ್ತಕದಲ್ಲಿತ್ತು. ಆ ಕಂಪನಿಯನ್ನು ದಶಕಗಳ ಕಾಲ ನಡೆಸಿ 2024ರ ಡಿಸೆಂಬರಿನಲ್ಲಿ ತೀರಿಕೊಂಡ ಒಸಾಮು ಸುಜುಕಿಯವರ ಕಾಲದಲ್ಲಿ ಕಾರ್ಖಾನೆಗೆ ಹಾಕಿಕೊಟ್ಟ ನೇಮ ಒಂದಿತ್ತು: ಪ್ರತಿ ಬಿಡಿಭಾಗದಲ್ಲಿ ಒಂದು ಗ್ರಾಂ ತೂಕ ಇಳಿಸಬೇಕು, ಒಂದು ಯೆನ್ ಖರ್ಚು ಇಳಿಸಬೇಕು. ಒಂದು ಗ್ರಾಂ ಅಂದರೆ ಎಷ್ಟು ಸ್ವಾಮಿ? ನಾವು ತೂಕದ ಕಟ್ಟೆಯಲ್ಲಿ ಚೀಲಕ್ಕೆ ಇಷ್ಟು ಅಂತ ಸುಮ್ಮನೆ ಬಿಟ್ಟುಕೊಡುವ ಸೂಟು, ಮಣ್ಣು, ತೇವದ ಕಡಿತ ನೆನೆಸಿಕೊಳ್ಳಿ.

ಅದೇ ಕಾಲದಲ್ಲಿ ಜಪಾನಿನ ರೈತರ ಅಕ್ಕಿಯನ್ನು ಸರ್ಕಾರವೇ ಬೆಲೆ ಕಟ್ಟಿ ಕೊಳ್ಳುವ ಆಹಾರ ನಿಯಂತ್ರಣ ಕಾನೂನು ಇತ್ತು, 1995ರವರೆಗೂ ಇತ್ತು. ಹಳ್ಳಿಯವನ ಕೈಯಲ್ಲಿ ದುಡ್ಡು ನಿಂತರೆ ಹಳ್ಳಿಯವನೂ ಕಾರು ಕೊಳ್ಳುತ್ತಾನೆ. ಇದು ಅವರಿಗೆ ಗೊತ್ತಿತ್ತು.

ಇನ್ನು ನಮ್ಮ ದೇಶದ ಕಥೆ. 1971ರಲ್ಲಿ ಸಂಜಯ್ ಗಾಂಧಿಯವರು ಮಾರುತಿ ಲಿಮಿಟೆಡ್ ಎಂಬ ಕಂಪನಿ ಮಾಡಿದರು. ಜನಸಾಮಾನ್ಯರ ಕಾರು ಅಂದರು. ಹರಿಯಾಣದ ಗುರುಗಾಂವ್ ಹತ್ತಿರ ಸುಮಾರು 300 ಎಕರೆ ರೈತರ ಭೂಮಿ ಅದಕ್ಕೆ ಹೋಯಿತು. ಕಾರು ಮಾತ್ರ ರಸ್ತೆಗೆ ಇಳಿಯಲಿಲ್ಲ. ಕಂಪನಿ ಮುಳುಗಿತು, ಕೋರ್ಟಿನಲ್ಲಿ ಬಾಗಿಲು ಹಾಕಿತು. 1980ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಸುಗ್ರೀವಾಜ್ಞೆ ಹೊರಡಿಸಿ ಆ ಮುಳುಗಿದ ಕಂಪನಿಯನ್ನು ಕೊಂಡುಕೊಂಡಿತು. ಅದೇ 1980ರ ಜುಲೈ 21ರಂದು ನರಗುಂದ, ನವಲಗುಂದದಲ್ಲಿ ಮಲಪ್ರಭಾ ನೀರಿನ ಕರದ ವಿರುದ್ಧ ಎದ್ದ ರೈತರ ಮೇಲೆ ಗುಂಡು ಹಾರಿತ್ತು. ಮೂರು ತಿಂಗಳ ಅಂತರ. ಇದಕ್ಕಿಂತ ಹೆಚ್ಚಿಗೆ ಹೇಳುವುದು ಬೇಡ.

1981ರಲ್ಲಿ ಮಾರುತಿ ಉದ್ಯೋಗ್ ಎಂಬ ಸರ್ಕಾರಿ ಕಂಪನಿ ಆಯಿತು. 1982ರ ಅಕ್ಟೋಬರಿನಲ್ಲಿ ಸುಜುಕಿ ಜೊತೆ ಒಪ್ಪಂದ ಆಯಿತು. ಅವರ ಪಾಲು 26, ಉಳಿದ 74 ಸರ್ಕಾರದ್ದು. ಅಂಬಾಸಿಡರ್, ಫಿಯಟ್ ಬಿಟ್ಟರೆ ಗತಿ ಇಲ್ಲದ ಕಾಲ. 1983ರಲ್ಲಿ ಬುಕಿಂಗ್ ತೆರೆದಾಗ ಲಕ್ಷಕ್ಕೂ ಮೇಲೆ ಜನ ಮುಂಗಡ ಕಟ್ಟಿ ಕಾದರು. ಗಮನಿಸಿ: ಸಾಮಾನು ತಯಾರಾಗುವ ಮುಂಚೆಯೇ ಗಿರಾಕಿ ದುಡ್ಡು ಕೊಟ್ಟಿದ್ದ. ನಮ್ಮಲ್ಲಿ ಬೆಳೆದು, ಒಕ್ಕಿ, ತೂಗಿ, ಚೀಟಿ ಬರೆಸಿಕೊಂಡು ಬಂದ ಮೇಲೂ ಎಂಟು ದಿನ ಬಿಟ್ಟು ಬಾ ಅನ್ನುತ್ತಾರೆ.

ಮೊದಲ ಪೀಳಿಗೆಯ ಮಾರುತಿ 800 ಅಂದರೆ ಆ ಜಪಾನಿ ಆಲ್ಟೊ ಮೈಗೆ 796 ಸಿಸಿಯ ಮೂರು ಸಿಲಿಂಡರ್ ಎಂಜಿನ್ ಕೂರಿಸಿದ ಗಾಡಿ. ಶುರುವಿನಲ್ಲಿ ಬಹುಪಾಲು ಸಾಮಾನು ಜಪಾನಿನಿಂದ ಪೆಟ್ಟಿಗೆಯಲ್ಲಿ ಬರುತ್ತಿತ್ತು, ಇಲ್ಲಿ ಜೋಡಿಸುತ್ತಿದ್ದರು. ಸರ್ಕಾರ ಒಂದು ಷರತ್ತು ಹಾಕಿತ್ತು: ವರ್ಷದಿಂದ ವರ್ಷಕ್ಕೆ ಬಿಡಿಭಾಗಗಳನ್ನು ಇಲ್ಲೇ ಮಾಡಿಸಬೇಕು. 1985ರ ನಂತರ ಯೆನ್ ಬೆಲೆ ಜಿಗಿಯಿತು, ಕಾರಿನ ಬೆಲೆಯೂ ಏರಿತು. ಆಗ ಷರತ್ತು ಕಾಗದದಲ್ಲಿ ಉಳಿಯಲಿಲ್ಲ, ಹೊಟ್ಟೆಪಾಡಾಯಿತು. ಗುರುಗಾಂವ್ ಸುತ್ತ ಸೀಟು ಮಾಡುವವರು, ಗಾಜು ಮಾಡುವವರು, ಗೇರು ಕಡೆಯುವವರು ಎದ್ದರು. ಪ್ರತಿ ವರ್ಷ ಅವರ ಬೆಲೆಯನ್ನು ಹಿಂಡಿ ಇಳಿಸುವ ಪದ್ಧತಿ ಬಂತು. ಹಿಂಡಿಸಿಕೊಂಡವರು ಸಣ್ಣ ಕಾರ್ಖಾನೆಯವರು, ಅದೂ ಹೇಳಬೇಕಾದ ಮಾತೇ.

1986ರಲ್ಲಿ ಎರಡನೆಯ ಪೀಳಿಗೆ: ಹಳೆಯ ಚೌಕ ಮೈ ಹೋಗಿ ನಾವೆಲ್ಲ ಕಂಡ ಆ ಪರಿಚಯದ 800 ಬಂತು. 1997ರಲ್ಲಿ ಮುಖ ಸ್ವಲ್ಪ ದುಂಡಗಾಯಿತು. 2000ದಲ್ಲಿ ಕಾರ್ಬೊರೇಟರ್ ಹೋಗಿ ಇಂಜೆಕ್ಷನ್ ಬಂತು. ಅದೇ ವರ್ಷ ಆಲ್ಟೊ ಎಂಬ ಹೆಸರಿನಲ್ಲೇ ಹೊಸ ಕಾರು ಬಂತು. ಆದರೆ ಒಳಗೆ? ಅದೇ 796 ಸಿಸಿ. 2012ರ ಆಲ್ಟೊ 800ರಲ್ಲೂ ಅದೇ ಗಾತ್ರ. 2023ರಲ್ಲಿ ಆ ಕಾರು ನಿಲ್ಲುವವರೆಗೂ ಅದೇ ಗಾತ್ರ. ಎಂಜಿನ್ನಿನ ತಲೆ ಬದಲಾಯಿತು, ಪೆಟ್ರೋಲ್ ಕೊಡುವ ರೀತಿ ಬದಲಾಯಿತು, ಹೊಗೆ ಕಡಿಮೆಯಾಯಿತು. ಬುಡ ನಲವತ್ತು ವರ್ಷ ಒಂದೇ. ಹಾಗಂದರೆ ಏನು? ಅಚ್ಚಿಗೆ, ಯಂತ್ರಕ್ಕೆ, ಕಲಿಕೆಗೆ ಒಂದು ಸಲ ಹಾಕಿದ ದುಡ್ಡು ಲಕ್ಷಾಂತರ ಕಾರುಗಳ ಮೇಲೆ ಹಂಚಿಹೋಯಿತು. 800 ಒಂದೇ 25 ಲಕ್ಷಕ್ಕೂ ಮೇಲೆ ತಯಾರಾಯಿತು. ಮೊದಲ ಸಾವಿರ ಕಾರಿನ ಮೇಲೆ ಕೂತಿದ್ದ ಭಾರ, ಕೊನೆಯ ಸಾವಿರ ಕಾರಿನ ಮೇಲೆ ಇರಲಿಲ್ಲ. ಕಾರು ಪೀಳಿಗೆಯಿಂದ ಪೀಳಿಗೆಗೆ ಅಗ್ಗವಾದದ್ದಕ್ಕೆ ಮುಖ್ಯ ಕಾರಣ ಇದು.

ಎರಡನೆಯ ಕಾರಣ ಸರ್ಕಾರ. ಸಣ್ಣ ಕಾರಿಗೆ ಅಬಕಾರಿ ಸುಂಕ 2006ರಲ್ಲಿ ನೂರಕ್ಕೆ 24ರಿಂದ 16ಕ್ಕೆ, 2008ರಲ್ಲಿ 12ಕ್ಕೆ ಇಳಿಯಿತು. ನಾಲ್ಕು ಮೀಟರಿಗಿಂತ ಗಿಡ್ಡ ಇದ್ದರೆ ಸಣ್ಣ ಕಾರು ಅಂತ ನಿಯಮ ಆಯಿತು, ಕಂಪನಿಗಳು ಟೇಪು ಹಿಡಿದು ಕಾರಿನ ಬಾಲ ಕತ್ತರಿಸಿದವು. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಪೆಟ್ರೋಲ್ ಕಾರಿನ ಜಿಎಸ್‌ಟಿ, ಸೆಸ್ ಸೇರಿ 29 ಇದ್ದದ್ದು 18ಕ್ಕೆ ಬಂತು. ಅದೇ ದಿನ ಟ್ರ್ಯಾಕ್ಟರಿನ ತೆರಿಗೆ 12ರಿಂದ 5ಕ್ಕೆ ಇಳಿಯಿತು, ಅದನ್ನೂ ಹೇಳದಿದ್ದರೆ ಅನ್ಯಾಯ. ಇಷ್ಟೆಲ್ಲ ಇಳಿಸಿದ ಮೇಲೂ ನಮ್ಮ ರಾಜ್ಯ ಸರ್ಕಾರ ಐದು ಲಕ್ಷದೊಳಗಿನ ಕಾರಿಗೆ ನೂರಕ್ಕೆ 13ರಂತೆ ಜೀವಾವಧಿ ತೆರಿಗೆ ಹಾಕಿ, ಅದರ ಮೇಲೆ ಸೆಸ್ ಹಾಕುತ್ತದೆ. 3,69,900ಕ್ಕೆ 13ರ ಲೆಕ್ಕದಲ್ಲಿ 48,000 ರೂಪಾಯಿ. 1983ರಲ್ಲಿ ಇಡೀ ಕಾರು ಎಷ್ಟಕ್ಕೆ ಬರುತ್ತಿತ್ತೋ ಅಷ್ಟು ದುಡ್ಡು ಬರೀ ಆರ್‌ಟಿಒ ಬಾಬತ್ತು!

ನಮ್ಮ ಕಡೆ ಒಂದು ಮಾತಿದೆ: ಹಂಪಿ ಹೊರಗೆ ನೋಡು, ಉಜ್ಜಿನಿ ಒಳಗೆ ನೋಡು. ಮರುಳಸಿದ್ಧನ ಗುಡಿಯೊಳಗಿನ ಕೆತ್ತನೆ ಕಂಡವರು ಆಡಿದ ಮಾತು. ಕಾರನ್ನೂ ಉಜ್ಜಿನಿಯ ಹಾಗೆ ಒಳಗೆ ನೋಡಬೇಕು. 2014ರ ಜನವರಿಯಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಎಂಬ ಸಂಸ್ಥೆ ಭಾರತದ ಸಣ್ಣ ಕಾರುಗಳನ್ನು ಗೋಡೆಗೆ ಗುದ್ದಿಸಿ ಪರೀಕ್ಷೆ ಮಾಡಿತು. ಆಲ್ಟೊ 800ಕ್ಕೆ ಸಿಕ್ಕ ನಕ್ಷತ್ರ ಸೊನ್ನೆ. ನ್ಯಾನೋಗೂ ಸೊನ್ನೆ. ಒಂದು ಗ್ರಾಂ, ಒಂದು ಗ್ರಾಂ ಅಂತ ಇಳಿಸಿದ ತೂಕದ ಇನ್ನೊಂದು ಮುಖ ಅದು. ಆಮೇಲೆ ಕಾನೂನು ಬಂತು: 2019ರಿಂದ ಚಾಲಕನ ಮುಂದೆ ಗಾಳಿಚೀಲ ಕಡ್ಡಾಯ, ಆಮೇಲೆ ಪಕ್ಕದವನಿಗೂ ಕಡ್ಡಾಯ. 2025ರ ಮಾರ್ಚಿನಲ್ಲಿ ಆಲ್ಟೊ ಕೆ10 ಕಾರಿಗೆ ಆರು ಗಾಳಿಚೀಲ ಬಂದವು. 

ಇನ್ನೊಂದು ಸಂಗತಿ ಹಳ್ಳಿಯವರು ನೆನಪಿಡಬೇಕಾದ್ದು. 2010ರ ಏಪ್ರಿಲಿನಲ್ಲಿ ಬೆಂಗಳೂರು ಸೇರಿ 13 ದೊಡ್ಡ ನಗರಗಳಲ್ಲಿ ಹೊಗೆಯ ಹೊಸ ನಿಯಮ ಬಂತು. ಹಳೆಯ 800 ಆ ನಿಯಮಕ್ಕೆ ಹೊಂದಲಿಲ್ಲ. ಆ ನಗರಗಳಲ್ಲಿ ಮಾರಾಟ ನಿಂತಿತು. ಉಳಿದ ಕಡೆ, ಅಂದರೆ ನಮ್ಮಂಥ ಊರುಗಳ ಕಡೆ, 2014ರ ಜನವರಿಯಲ್ಲಿ ತಯಾರಿಕೆ ನಿಲ್ಲುವ ತನಕ ಮಾರಿದರು. ಪೇಟೆಯ ಗಾಳಿಗೆ ಕೆಟ್ಟದ್ದು ಹಳ್ಳಿಯ ಗಾಳಿಗೆ ನಡೆಯುತ್ತದೆ ಅನ್ನುವ ಲೆಕ್ಕ.

ಅಗ್ಗದ ಕಾರಿನ ಮಾತು ಬಂದಾಗ ನ್ಯಾನೋ ಬಿಡಲು ಆಗುವುದಿಲ್ಲ. 2008ರ ಜನವರಿ 10ರಂದು ರತನ್ ಟಾಟಾ ಅವರು ಒಂದು ಲಕ್ಷದ ಕಾರು ತೋರಿಸಿದರು. 623 ಸಿಸಿ, ಎರಡು ಸಿಲಿಂಡರ್, ಎಂಜಿನ್ ಹಿಂದೆ. ಮೋಟಾರ್ ಸೈಕಲ್ ಮೇಲೆ ಗಂಡ, ಹೆಂಡತಿ, ಎರಡು ಮಕ್ಕಳು ಮಳೆಯಲ್ಲಿ ಹೋಗುವುದನ್ನು ನೋಡಿ ಹುಟ್ಟಿದ ಯೋಚನೆ ಅಂತ ಅವರೇ ಹೇಳುತ್ತಿದ್ದರು. ಯೋಚನೆ ಒಳ್ಳೆಯದೇ. ಆದರೆ ಆ ಒಂದು ಲಕ್ಷದೊಳಗೆ ಪಶ್ಚಿಮ ಬಂಗಾಳದ ಸಿಂಗೂರಿನ 997 ಎಕರೆ ಹೊಲವೂ ಅಡಗಿತ್ತು. ಸರ್ಕಾರ ಬಲವಂತದಿಂದ ಭೂಮಿ ಕೊಂಡು ಕಂಪನಿಗೆ ಗೇಣಿ ಕೊಟ್ಟಿತು. ಮನಸ್ಸಿಲ್ಲದ ರೈತರು ಪರಿಹಾರದ ಚೆಕ್ಕು ಮುಟ್ಟದೆ ಕೂತರು. 2008ರ ಅಕ್ಟೋಬರಿನಲ್ಲಿ ಕಂಪನಿ ಅಲ್ಲಿಂದ ಎದ್ದಿತು. ನಮ್ಮಲ್ಲಿಗೆ ಬನ್ನಿ, ನಮ್ಮಲ್ಲಿಗೆ ಬನ್ನಿ ಅಂತ ರಾಜ್ಯಗಳು ಹರಾಜು ಕೂಗಿದ ಹಾಗೆ ಕೂಗಿದವು. ಕೂಗಿದವರಲ್ಲಿ ನಮ್ಮ ಕರ್ನಾಟಕವೂ ಇತ್ತು. ಕೊನೆಗೆ ಗುಜರಾತಿನ ಸಾಣಂದಕ್ಕೆ ಹೋಯಿತು. 2016ರ ಆಗಸ್ಟ್ 31ರಂದು ಸುಪ್ರೀಂ ಕೋರ್ಟು ಸಿಂಗೂರಿನ ಭೂಸ್ವಾಧೀನವನ್ನೇ ರದ್ದು ಮಾಡಿ ಹೊಲ ವಾಪಸು ಕೊಡಿ ಅಂದಿತು. ಹತ್ತು ವರ್ಷದ ಮೇಲೆ ಸಿಕ್ಕ ಹೊಲದಲ್ಲಿ ಕಾಂಕ್ರೀಟು ಇತ್ತು. ನ್ಯಾನೋ 2009ರ ಮಾರ್ಚಿನಲ್ಲಿ ಮಾರುಕಟ್ಟೆಗೆ ಬಂದು, ಹತ್ತು ವರ್ಷ ತುಂಬುವ ಮೊದಲೇ ತಯಾರಿಕೆ ನಿಂತಿತು. ಎಲ್ಲಕ್ಕಿಂತ ಅಗ್ಗದ ಕಾರು ಅನ್ನುವ ಹೆಸರೇ ಅದಕ್ಕೆ ಮುಳುವಾಯಿತು. ಬೀಗರ ಮನೆ ಮುಂದೆ ಅಗ್ಗದ ಕಾರಿನಲ್ಲಿ ಇಳಿಯಲು ಯಾರು ತಯಾರಿದ್ದಾರೆ ಹೇಳಿ?

ನಮ್ಮ ಬಿಡದಿಯಲ್ಲಿ ಟೊಯೋಟಾದವರು ಭಾರತಕ್ಕೆಂದೇ ಎಟಿಯೋಸ್ ಕಾರು ಮಾಡಿ 2010ರ ಡಿಸೆಂಬರಿನಲ್ಲಿ ಮಾರಾಟಕ್ಕೆ ಇಳಿಸಿದರು. 2020ರಲ್ಲಿ ಹೊಗೆಯ ನಿಯಮ ಬದಲಾದಾಗ ನಿಲ್ಲಿಸಿದರು. ಗಿಟ್ಟದ ಮಾಡೆಲ್ಲನ್ನು ನಿಲ್ಲಿಸುವ ಸ್ವಾತಂತ್ರ್ಯ ಕಂಪನಿಗೆ ಇದೆ. ಮುಂಗಾರು ಬಿದ್ದ ಮೇಲೆ ಹೊಲ ಪಾಳು ಬಿಡುವ ಸ್ವಾತಂತ್ರ್ಯ ನಮ್ಮಲ್ಲಿ ಎಷ್ಟು ಜನಕ್ಕಿದೆ?

ಈಗ ಹೊಲದ ಪೀಳಿಗೆಗೆ ಬರೋಣ.

ಕೊಟ್ಟೂರು, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಎಲ್ಲಿಗೇ ಹೋಗಿ, 1983ರಲ್ಲಿ ಇಪ್ಪತ್ತು ಎಕರೆ ಇದ್ದ ಮನೆಯ ಪಹಣಿ ಈಗ ತೆಗೆಸಿ ನೋಡಿ. ಅಪ್ಪನ ಇಪ್ಪತ್ತು ಎಕರೆ ಮೂರು ಮಕ್ಕಳಿಗೆ ಆರೂವರೆ ಎಕರೆಯಂತೆ ಬಂತು. ಮೊಮ್ಮಕ್ಕಳ ಕಾಲಕ್ಕೆ ಮೂರು ಎಕರೆ. ಆದರೆ ಇಪ್ಪತ್ತು ಎಕರೆಗೆ ಒಂದು ಜೊತೆ ಎತ್ತು ಸಾಕಿದ್ದ ಜಾಗದಲ್ಲಿ ಮೂರು ಮನೆಗೆ ಮೂರು ಟ್ರ್ಯಾಕ್ಟರ್ ಬಂದವು, ಮೂರು ಬೋರ್‌ವೆಲ್ ಕೊರೆಸಿದವು, ಒಂದರಲ್ಲಿ ನೀರು, ಎರಡರಲ್ಲಿ ಧೂಳು. ಕಂಪನಿ ಪೀಳಿಗೆಯಿಂದ ಪೀಳಿಗೆಗೆ ಒಂದೇ ಅಚ್ಚನ್ನು ಹೆಚ್ಚು ಕಾರಿನ ಮೇಲೆ ಹಂಚಿತು. ನಾವು ಪೀಳಿಗೆಯಿಂದ ಪೀಳಿಗೆಗೆ ಹೆಚ್ಚು ಯಂತ್ರವನ್ನು ಕಡಿಮೆ ಎಕರೆಯ ಮೇಲೆ ಹಂಚಿದೆವು. ಜೋಳದ ಬೆಲೆ ಮೂವತ್ತು ಪಟ್ಟಾದರೂ ಮನೆಯಲ್ಲಿ ದುಡ್ಡು ನಿಲ್ಲಲಿಲ್ಲ ಅಂದರೆ ಇದೊಂದು ಕಾರಣ. ಇದನ್ನು ಸರ್ಕಾರದ ತಲೆಗೆ ಕಟ್ಟಲು ಬರುವುದಿಲ್ಲ.

ಸರ್ಕಾರದ ತಲೆಗೆ ಕಟ್ಟಬೇಕಾದ್ದು ಬೇರೆ ಇದೆ. ಬೆಂಬಲ ಬೆಲೆ ಅಂದರೆ ಖರ್ಚಿನ ಒಂದೂವರೆ ಪಟ್ಟು ಅಂತ 2018ರಿಂದ ಹೇಳುತ್ತಾ ಬಂದಿದ್ದಾರೆ. ಯಾವ ಖರ್ಚು? ಬೀಜ, ಗೊಬ್ಬರ, ಔಷಧಿ, ಕೂಲಿ, ಡೀಸೆಲ್, ಮನೆಮಂದಿಯ ದುಡಿಮೆ ಇವು ಸೇರುತ್ತವೆ. ಸ್ವಂತ ಭೂಮಿಯ ಗೇಣಿ ಸೇರುವುದಿಲ್ಲ. ಬಾವಿ, ಯಂತ್ರಕ್ಕೆ ನೀವು ಹಾಕಿದ ಸ್ವಂತ ಬಂಡವಾಳದ ಬಡ್ಡಿ ಸೇರುವುದಿಲ್ಲ. ಯಾವ ಕಾರು ಕಂಪನಿಯಾದರೂ ಕಾರ್ಖಾನೆ ನಿಂತ ನೆಲಕ್ಕೆ, ತನ್ನ ಬಂಡವಾಳಕ್ಕೆ ಬೆಲೆ ಇಲ್ಲ ಅಂತ ಬಿಟ್ಟು ಕಾರಿಗೆ ಬೆಲೆ ಕಟ್ಟುತ್ತದೆಯೇ? ಸ್ವಾಮಿನಾಥನ್ ಅಧ್ಯಕ್ಷತೆಯ ರೈತ ಆಯೋಗ ವರದಿ ಕೊಟ್ಟು 2006ಕ್ಕೆ ಮುಗಿಸಿತು. ಖರ್ಚು ಅಂದರೆ ಯಾವ ಖರ್ಚು ಅನ್ನುವ ಜಗಳ ಮಾತ್ರ ಮುಗಿದಿಲ್ಲ.

ಆ ಬೆಂಬಲ ಬೆಲೆಯಾದರೂ ಸಿಗುತ್ತದೆಯೇ? ಮೇಲೆ ಹೇಳಿದ ನೂರು ಕ್ವಿಂಟಲ್ ಲೆಕ್ಕ ಕಾಗದದ ಲೆಕ್ಕ. ನಮ್ಮ ಕಡೆ ಜೋಳ, ಶೇಂಗಾ ಹಿಂದೆ ಸರಿದು ಮೆಕ್ಕೆಜೋಳ ಹೊಲ ತುಂಬಿದೆ. 2025-26ಕ್ಕೆ ಅದರ ಬೆಂಬಲ ಬೆಲೆ 2,400. 2025ರ ನವೆಂಬರಿನಲ್ಲಿ ರಾಜ್ಯದ ಮಾರುಕಟ್ಟೆಗಳಲ್ಲಿ ನಡೆದ ಬೆಲೆ 1,600ರಿಂದ 1,800. ಬೆಂಬಲ ಬೆಲೆಯಲ್ಲಿ ಒಂದು ಕಾರಿಗೆ 154 ಕ್ವಿಂಟಲ್ ಮೆಕ್ಕೆಜೋಳ. 1,700ರಂತೆ ಮಾರಿದವನಿಗೆ 217 ಕ್ವಿಂಟಲ್. ನಡುವಿನ ಅರವತ್ತು ಮೂರು ಕ್ವಿಂಟಲ್ ಎಲ್ಲಿ ಹೋಯಿತು? ಶೋರೂಮಿನವನು ಆ ನವೆಂಬರಿನಲ್ಲಿ ಕಾರಿನ ಬೋರ್ಡಿನ ಬೆಲೆಯಿಂದ ಲಕ್ಷ ರೂಪಾಯಿ ಇಳಿಸಿ, ಮಾರುಕಟ್ಟೆ ಬಿದ್ದಿದೆ ತಗೊಂಡು ಹೋಗಪ್ಪ ಅಂದಿದ್ದನ್ನು ಯಾರಾದರೂ ಕೇಳಿದ್ದೀರಾ?

ಇಷ್ಟಾದರೂ ಕಾರು ನಮ್ಮ ಊರಿಗೆ ಬಂದಿದೆ. ಉಜ್ಜಿನಿ ಜಾತ್ರೆಯಲ್ಲಿ ಶಿಖರಕ್ಕೆ ಎಣ್ಣೆ ಎರೆಯುವ ದಿನ, ಹಿಂದೆ ಎತ್ತಿನ ಬಂಡಿ ಬಿಡುತ್ತಿದ್ದ ಕಡೆ ಈಗ ಕಾರು ನಿಲ್ಲಿಸಲು ಜಾಗ ಹುಡುಕಬೇಕು. ನಾನು ಕಾರಿನ ವಿರೋಧಿ ಅಲ್ಲ. ರಾತ್ರಿ ಹನ್ನೆರಡಕ್ಕೆ ಎದೆನೋವು ಅಂದವರನ್ನು ದಾವಣಗೆರೆಗೆ ಒಯ್ಯಲು ಬಸ್ಸು ಕಾಯಲು ಆಗುವುದಿಲ್ಲ. ಪೇಟೆಯವನಿಗೆ ಇರುವ ಸೌಕರ್ಯ ರೈತನಿಗೆ ಯಾಕೆ ಅನ್ನುವ ಮಾತು ನಾಲಗೆ ಮೇಲೆ ಬರಬಾರದು. ಪ್ರಶ್ನೆ ಇರುವುದು ಕಾರು ಬರುವ ದಾರಿಯಲ್ಲಿ. ಇವತ್ತು ಅದು ಸಾಲದ ದಾರಿಯಲ್ಲಿ ಬರುತ್ತಿದೆ. ಇನ್ನು ಕೆಲವು ಕಡೆ ಮಗಳ ಮದುವೆಯ ದಾರಿಯಲ್ಲಿ ಬರುತ್ತಿದೆ. ಹುಡುಗನ ಕಡೆಯವರು ಬಾಯಿಬಿಟ್ಟು ಕೇಳುವುದಿಲ್ಲ, ನಿಮ್ಮ ಮಗಳೇ ತಾನೆ ಓಡಾಡೋದು ಅನ್ನುತ್ತಾರೆ.

ಲೆಕ್ಕ ಹಾಕಿ. ರಸ್ತೆಗೆ ಇಳಿಯುವಾಗ ಕಾರು ನಾಲ್ಕೂವರೆ ಲಕ್ಷದ ಹತ್ತಿರ ಬರುತ್ತದೆ. ಒಂದೂವರೆ ಲಕ್ಷ ಕೈಯಿಂದ ಕೊಟ್ಟು ಮೂರು ಲಕ್ಷ ಸಾಲ ಮಾಡಿದಿರಿ. ನೂರಕ್ಕೆ 9ರ ಬಡ್ಡಿ, ಏಳು ವರ್ಷ ಅಂತ ಹಿಡಿಯಿರಿ. ತಿಂಗಳ ಕಂತು 4,827 ರೂಪಾಯಿ. ಕೇಳಲು ಸಣ್ಣದು. ಏಜೆಂಟನೂ ಹಾಗೇ ಹೇಳುತ್ತಾನೆ, ದಿನಕ್ಕೆ ನೂರಾ ಅರವತ್ತು ರೂಪಾಯಿ ಯಜಮಾನ್ರೇ, ಚಹಾ ಬೀಡಿ ಖರ್ಚು ಅಂತ. ವರ್ಷಕ್ಕೆ ಅದು 57,924. ವರ್ಷಕ್ಕೆ ಆರು ಸಾವಿರ ಕಿಲೋಮೀಟರ್ ಓಡಿಸಿದರೆ, ಲೀಟರಿಗೆ ಇಪ್ಪತ್ತು ಕೊಟ್ಟರೆ 300 ಲೀಟರ್ ಪೆಟ್ರೋಲು, ನೂರರ ಲೆಕ್ಕದಲ್ಲಿ 30,000. ವಿಮೆ, ಸರ್ವಿಸ್, ಟೈರಿಗೆ ಸರಾಸರಿ 15,000 ತೆಗೆದಿಡಿ. ಒಟ್ಟು ವರ್ಷಕ್ಕೆ ಒಂದು ಲಕ್ಷ ಮೂರು ಸಾವಿರ. 1,700ರಂತೆ ಮಾರಿದ ಮೆಕ್ಕೆಜೋಳದಲ್ಲಿ ಅರವತ್ತು ಕ್ವಿಂಟಲ್. ಮಳೆ ಹೊಲ ಎಕರೆಗೆ 15 ಕ್ವಿಂಟಲ್ ಕೊಟ್ಟಿತು ಅಂತ ಇಟ್ಟುಕೊಂಡರೂ ನಾಲ್ಕು ಎಕರೆಯ ಪೂರ್ತಿ ಬೆಳೆ. ಬೀಜದ ದುಡ್ಡು ತೆಗೆದಿಲ್ಲ, ಗೊಬ್ಬರದ ದುಡ್ಡು ತೆಗೆದಿಲ್ಲ, ಆಳಿನ ಕೂಲಿ ತೆಗೆದಿಲ್ಲ. ಆರು ಎಕರೆಯವನು ನಾಲ್ಕು ಎಕರೆಯನ್ನು ಏಳು ವರ್ಷ ಕಾರಿಗೆ ಗೇಣಿ ಬರೆದುಕೊಟ್ಟ ಹಾಗೆ.

ಏಳು ವರ್ಷದಲ್ಲಿ ಬಡ್ಡಿಯೊಂದೇ ಒಂದು ಲಕ್ಷ ಐದು ಸಾವಿರ. ಅಷ್ಟರಲ್ಲಿ ಕಾರಿನ ಬೆಲೆ ಅರ್ಧಕ್ಕೂ ಕೆಳಗೆ ಇಳಿದಿರುತ್ತದೆ. ಎತ್ತು ಮುದಿಯಾದರೂ ಗೊಬ್ಬರ ಕೊಡುತ್ತಿತ್ತು.

ಕಂತಿನ ಮೊತ್ತಕ್ಕಿಂತ ಕಂತಿನ ದಿನಾಂಕ ನಮ್ಮನ್ನು ಹೆಚ್ಚು ಕೊಲ್ಲುತ್ತದೆ. ಸಂಬಳದವನಿಗೆ ತಿಂಗಳು ತಿಂಗಳು ದುಡ್ಡು, ತಿಂಗಳು ತಿಂಗಳು ಕಂತು, ಸರಿಹೊಂದುತ್ತದೆ. ನಮಗೆ ದುಡ್ಡು ಬರುವುದು ಸುಗ್ಗಿಯಲ್ಲಿ ಒಂದು ಸಲ, ದೇವರು ಕೊಟ್ಟರೆ ಎರಡು ಸಲ. ಜೂನಿನಲ್ಲಿ ಬಿತ್ತನೆ ಬೀಜಕ್ಕೇ ಕೈಗಡ ಮಾಡುವ ಹೊತ್ತಿಗೆ ಕಾರಿನ ಕಂತು ಐದನೇ ತಾರೀಕು ಬಂದು ಬಾಗಿಲು ತಟ್ಟುತ್ತದೆ. ಆಗ ಏನು ಮಾಡುತ್ತಾರೆ? ಬೆಳೆಸಾಲ ಎತ್ತಿ ಕಾರಿನ ಕಂತಿಗೆ ಹಾಕುತ್ತಾರೆ. ಬೀಜ ಗೊಬ್ಬರವನ್ನು ಅಂಗಡಿಯಲ್ಲಿ ಉದ್ರಿ ತರುತ್ತಾರೆ. ಉದ್ರಿ ಕೊಟ್ಟ ಅಂಗಡಿಯವನೇ ಸುಗ್ಗಿಯಲ್ಲಿ ಮಾಲು ಕೊಳ್ಳುತ್ತಾನೆ, ಅವನು ಹೇಳಿದ ಬೆಲೆಗೆ. ಹೀಗೆ ಅಂಗಳದಲ್ಲಿ ನಿಂತ ಕಾರು ಹೊಲದಲ್ಲಿರುವ ಮೆಕ್ಕೆಜೋಳದ ಬೆಲೆಯನ್ನು ಕೆಳಗೆ ಎಳೆಯುತ್ತದೆ. ಬೆಲೆಗಾಗಿ ಮಾರುಕಟ್ಟೆ ಬಾಗಿಲಲ್ಲಿ ಎಂಟು ದಿನ ಮಾಲು ತಡೆಹಿಡಿದು ಕೂರುವ ಶಕ್ತಿ ಸಾಲಗಾರನಿಗೆ ಇರುವುದಿಲ್ಲ. ನಾವು ಬೀದಿಯಲ್ಲಿ ಕೂಗುವ ಬೆಲೆ, ಮನೆಯ ಅಂಗಳದಲ್ಲೇ ಬಿದ್ದು ಹೋಗುತ್ತದೆ.

ಬ್ಯಾಂಕಿನವರ ನಡತೆಯನ್ನೂ ನೋಡಿ. ಕಾರಿಗೆ ಸಾಲ ಬೇಕು ಅಂದರೆ ಕಾರೇ ಅಡಮಾನ. ಶೋರೂಮಿನಲ್ಲೇ ಮೇಜು ಹಾಕಿಕೊಂಡು ಕೂತಿರುತ್ತಾರೆ, ಮಧ್ಯಾಹ್ನ ಹೋದರೆ ಸಂಜೆಗೆ ಮಂಜೂರು. ಹೊಲ ಉಳುವ ಟ್ರ್ಯಾಕ್ಟರಿಗೆ ಅಂದರೆ ಪಹಣಿ ತಾ, ಇಸಿ ತಾ, ಬಾಕಿ ಇಲ್ಲದ ಪತ್ರ ತಾ, ಜಮೀನು ಅಡವು ಬರೆ. ದುಡಿಯುವ ಯಂತ್ರಕ್ಕೆ ನೂರು ಕಾಗದ, ದುಡಿಯದ ಯಂತ್ರಕ್ಕೆ ನಾಲ್ಕು ಸಹಿ. ಎರಡಕ್ಕೂ ಬಡ್ಡಿ ಎಷ್ಟೆಷ್ಟು ಅಂತ ನಿಮ್ಮ ಬ್ಯಾಂಕಿನಲ್ಲೇ ಕೇಳಿ ಬರೆದುಕೊಳ್ಳಿ. ಮುಂದಿನ ಸಭೆಗೆ ಬರುವಾಗ ಆ ಚೀಟಿ ತನ್ನಿ.

ಹಾಗಾದರೆ ಮಾಡಬೇಕಾದ್ದೇನು? ನನಗೆ ತೋಚಿದ್ದನ್ನು ಹೇಳುತ್ತೇನೆ, ಒಪ್ಪದವರು ಪತ್ರ ಬರೆಯಲಿ. ಮನೆಯಲ್ಲಿ ಕಾರಿನ ಮಾತು ಎದ್ದಾಗ ರೂಪಾಯಿಯಲ್ಲಿ ಮಾತಾಡಬೇಡಿ, ಕ್ವಿಂಟಲಿನಲ್ಲಿ ಮಾತಾಡಿ, ಅದೂ ಕಳೆದ ವರ್ಷ ನೀವು ನಿಜವಾಗಿ ಮಾರಿದ ಬೆಲೆಯ ಕ್ವಿಂಟಲಿನಲ್ಲಿ. ಅಣ್ಣತಮ್ಮಂದಿರ ಮೂರು ಮನೆಗೆ ಒಂದು ಕಾರು ಸಾಕು; ಆಸ್ಪತ್ರೆಗೂ ಅದೇ, ತೇರಿಗೂ ಅದೇ. ಕಂಪನಿ ಒಂದು ಅಚ್ಚನ್ನು ಹೇಗೆ ಹಂಚಿತೋ ಹಾಗೆ. ಹೊಸದೇ ಬೇಕೆಂಬ ಹಟವೂ ಬೇಡ. ನಾಲ್ಕೈದು ವರ್ಷದ ಹಳೆಯ ಆಲ್ಟೊ ಹಳ್ಳಿಯ ಮೆಕ್ಯಾನಿಕ್ಕನ ಕೈಗೆ ಪಳಗಿದ ಗಾಡಿ, ಬಿಡಿಭಾಗ ಎಲ್ಲ ಕಡೆ ಸಿಗುತ್ತದೆ. ನಲವತ್ತು ವರ್ಷ ಒಂದೇ ಬುಡ ಇಟ್ಟುಕೊಂಡ ಕಂಪನಿಯ ಲಾಭದಲ್ಲಿ ನಮಗೂ ಅಷ್ಟು ಪಾಲು ಬರಲಿ. ಕೊಳ್ಳುವಾಗ ಗಾಳಿಚೀಲ ಇದೆಯೋ ಇಲ್ಲವೋ ನೋಡಿ, ಬಣ್ಣ ಆಮೇಲೆ ನೋಡಿ. ಯಾವ ಕಾರಣಕ್ಕೂ ಕಾರಿಗಾಗಿ ಪಹಣಿಯ ಮೇಲೆ ಭೋಜ ಏರಿಸಬೇಡಿ.

ಇನ್ನು ಸಾಲ ಮಾಡಲೇಬೇಕು ಅಂದರೆ, ಸಹಿ ಹಾಕುವ ಮುಂಚೆ ಒಂದು ಮಾತು ಕೇಳಿ. ಟ್ರ್ಯಾಕ್ಟರ್ ಸಾಲಕ್ಕೆ ಸುಗ್ಗಿ ನೋಡಿಕೊಂಡು ಆರು ತಿಂಗಳ ಕಂತು ಹಾಕಿಕೊಡುವ ಪದ್ಧತಿ ಇದೆ. ಕೊಳ್ಳುವವನು ಅದೇ ರೈತ, ಆದಾಯ ಅದೇ ಹೊಲದ್ದು, ಕಾರಿಗೂ ಹಾಗೇ ಹಾಕಿಕೊಡಿ ಅಂತ ಕೇಳಿ. ಒಬ್ಬರೇ ಹೋದರೆ ರೂಲ್ಸ್ ಇಲ್ಲ ಅನ್ನುತ್ತಾರೆ. ಊರಿನ ಹತ್ತು ಜನ ಒಟ್ಟಿಗೆ ಹೋಗಿ ಮ್ಯಾನೇಜರ ಮುಂದೆ ಕೂತು ಬರಹದಲ್ಲಿ ಕೇಳಿ, ಉತ್ತರವನ್ನೂ ಬರಹದಲ್ಲೇ ಪಡೆಯಿರಿ. ಆಗುವುದಿಲ್ಲ ಅಂದರೆ ಎದ್ದು ಬನ್ನಿ. ಕಾರು ಇನ್ನೊಂದು ಸುಗ್ಗಿ ಕಾಯಲಿ. 1983ರಲ್ಲಿ ಮುಂಗಡ ಕಟ್ಟಿದ್ದ ಪೇಟೆಯವರೂ ವರ್ಷಗಟ್ಟಲೆ ಕಾದಿದ್ದರು.